ತಲೆಯ ಸ್ಕ್ಯಾನಿಂಗಿಗೆ ನೀರು ಕುಡಿದು ಹೋದದ್ದು

ಸ್ಕ್ಯಾನಿಂಗ್ ವಿಷಯದಲ್ಲಿ ಕಮ್ಮನಹಳ್ಳಿಯ ನಮ್ಮ ನೆಂಟರಿಗೆಲ್ಲ ನಾನೇ ತಜ್ಞ. ಸೊಸೆಯ ಬಸಿರಾಗಲಿ, ಭಾವಮೈದನ ಕಿಡ್ನಿ ಕಲ್ಲಾಗಲಿ, ಜೊತೆಗೆ ಹೋದವನು ನಾನೇ. "ಹೊಟ್ಟೆ ತುಂಬಾ ನೀರು ಕುಡೀರಿ, ಆಮೇಲೆ ತಡ್ಕೊಂಡು ಕೂತ್ಕೊಳ್ಳಿ" ಎಂದು ಉಪದೇಶ ಮಾಡಿ ಎಷ್ಟು ಜನರನ್ನು ಅಳಿಸಿದ್ದೇನೋ!

ಹಾಗಾಗಿ ಡಾಕ್ಟರು ನನ್ನ ತಲೆಗೇ ಸ್ಕ್ಯಾನಿಂಗ್ ಬರೆದುಕೊಟ್ಟಾಗ ಏನು ಮಾಡಬೇಕೆಂಬ ಬಗ್ಗೆ ನನಗೆ ಸಂಶಯವೇನೂ ಇರಲಿಲ್ಲ. ಭಯ ಮಾತ್ರ ಇತ್ತು. ಹಿಂದಿನ ವಾರ ಬಾಡಿಗೆಯವರ ಜೊತೆ ನಲ್ಲಿ ನೀರಿನ ಜಗಳ ಜೋರಾಗಿ ನಡೆದಿದ್ದಾಗ ಇದ್ದಕ್ಕಿದ್ದಂತೆ ಬಲಗೈಯಿಂದ ಬೀಗದ ಕೈ ಜಾರಿ ಬಿತ್ತು. ನಾಲಿಗೆ ತೊದಲಿತು. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಸರಿಹೋಯಿತು. ಆದರೆ ನಮ್ಮಣ್ಣನಿಗೂ ಶುರುವಾದದ್ದು ಹೀಗೆಯೇ. ಪಾರ್ಶ್ವವಾಯು ಹೊಡೆದ ಮೇಲೆ ಅವನಿಗೆ ಉಳಿದಿರುವುದು ಒಂದೇ ಮಾತು: "ಆಯ್ತು." ಊಟ ಬೇಕಾ ಎಂದರೂ ಆಯ್ತು, ನೋವಾಗ್ತಿದೆಯಾ ಎಂದರೂ ಆಯ್ತು. ಮಾತಾಡಿಕೊಂಡೇ ಬದುಕಿದ ನನಗೆ ಸಾವಿಗಿಂತ ಆ ಒಂದು ಮಾತಿನ ಭಯವೇ ಹೆಚ್ಚು.

"ತಲೆ ಸ್ಕ್ಯಾನಿಂಗ್‌ಗೆ ನೀರ್ಯಾಕ್ರೀ?" ಎಂದಳು ಹೆಂಡತಿ ಜಯಮ್ಮ.

"ಸ್ಕ್ಯಾನಿಂಗ್ ಅಂದ್ಮೇಲೆ ಸ್ಕ್ಯಾನಿಂಗೇ ಕಣೇ. ನಿನಗೇನು ಗೊತ್ತು?" ಎಂದು ಎರಡು ಬಾಟಲಿ ಖಾಲಿ ಮಾಡಿದೆ.

ಪುಲಿಕೇಶಿನಗರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ನನ್ನ ಸರದಿ ಬರುವಷ್ಟರಲ್ಲಿ ಕಾಲು ಹೆಣೆದುಕೊಂಡು ಕೂತಿದ್ದೆ. "ಒಂದ್ಸಲ ಹೋಗ್ಬನ್ರೀ" ಎಂದು ಜಯಮ್ಮ ಬೇಡಿಕೊಂಡರೂ ಏಳಲಿಲ್ಲ. ಪರೀಕ್ಷೆಗೆ ಭಂಗ ಬರಬಾರದಲ್ಲ!

ಡಾಕ್ಟರಮ್ಮ ನನ್ನ ಕಣ್ಣು ಕಿವಿಗಳ ನಡುವೆ ತಣ್ಣನೆಯ ಜೆಲ್ ಹಚ್ಚಿ, ಪೆನ್ನಿನಂಥದ್ದೊಂದನ್ನು ಒತ್ತಿ ಹಿಡಿದರು. "ತಲೇಲಿ ರಕ್ತ ಹೇಗೆ ಓಡ್ತಿದೆ ಅಂತ ಇದ್ರಲ್ಲಿ ಗೊತ್ತಾಗುತ್ತೆ. ಎಲ್ಲಾದ್ರೂ ಕಟ್ಕೊಂಡಿದ್ರೆ ಸಿಗುತ್ತೆ."

"ಹಾಗಾದ್ರೆ ಡಾಕ್ಟ್ರೇ..."

"ಮಾತಾಡ್ಬೇಡಿ ಸರ್. ದವಡೆ ಅಲ್ಲಾಡಿದ್ರೆ ಸಿಗ್ನಲ್ ಹೋಗ್ಬಿಡುತ್ತೆ."

"ಅಲ್ಲಾ, ನಮ್ಮಣ್ಣನಿಗೆ..."

"ಸರ್! ಬಾಯಿ ಮುಚ್ಕೊಳ್ಳಿ, ಪ್ಲೀಸ್."

ಮುಚ್ಚಿದೆ. ಯಂತ್ರ ಭುಸ್, ಭುಸ್ ಎನ್ನತೊಡಗಿತು. ಅದು ನನ್ನದೇ ರಕ್ತದ ಸದ್ದು! ಕೇಳಿದ್ದೇ ತಡ, ಹೊಟ್ಟೆಯೊಳಗಿನ ಎರಡು ಬಾಟಲಿಗೂ ಜೀವ ಬಂತು. ಮಾತಾಡುವಂತಿಲ್ಲ. ಶಾಲೆಯಲ್ಲಿ ಕಲಿತ ವಿದ್ಯೆಯೇ ಗತಿಯೆಂದು ಕಿರುಬೆರಳು ಎತ್ತಿದೆ. ತಡೆಯಲಾರದೆ ಕೈ ಗಡಗಡ ನಡುಗಿತು. ಹಲ್ಲು ಕಚ್ಚಿ "ಮ್ಮ್... ಮ್ಮ್..." ಎಂದೆ.

ತಲೆಯ ಹಿಂದೆ ಕೂತಿದ್ದ ಡಾಕ್ಟರಮ್ಮನಿಗೆ ಕಂಡದ್ದು ಮುದುರಿ ನಡುಗುವ ಬಲಗೈ ಮಾತ್ರ. "ಸರ್, ನಿಮ್ಮ ಹೆಸರೇನು? ಹೆಸರು ಹೇಳಿ!"

ಮಾತಾಡಬೇಡಿ ಎಂದವರೇ ಹೆಸರು ಕೇಳುತ್ತಾರೆ! ಇದೂ ಪರೀಕ್ಷೆಯೇ ಇರಬೇಕು ಎಂದು ಬಾಯಿ ಇನ್ನೂ ಬಿಗಿಯಾಗಿ ಮುಚ್ಚಿದೆ.

"ಸಿಸ್ಟರ್! ಸ್ಟ್ರೋಕ್ ಆಗ್ತಿದೆ, ಬೇಗ ಬನ್ನಿ!"

ಸಿಸ್ಟರ್‌ಗಿಂತ ಮೊದಲು ಜಯಮ್ಮ ಒಳಗೆ ನುಗ್ಗಿದಳು. ನನ್ನ ಕೈ ಹಿಡಿದುಕೊಂಡು, "ರೀ, ಮಾತಾಡ್ರೀ! ಏನಾದ್ರೂ ಮಾತಾಡ್ರೀ!" ಎಂದು ಗೋಳೋ ಎಂದು ಅತ್ತಳು. ಮದುವೆಯಾದಾಗಿನಿಂದ ಅವಳು ನನ್ನನ್ನು ಹಾಗೆ ಕೇಳಿಕೊಂಡದ್ದು ಅದೇ ಮೊದಲು.

"ಉಚ್ಚೆ!" ಎಂದು ಕಿರುಚಿದೆ.

ಹೊರಗೆ ಕೂತವರಿಗೆಲ್ಲ ಕೇಳಿಸಿತು. ಸಿಸ್ಟರ್ ಮುಖ ತಿರುಗಿಸಿಕೊಂಡು ನಕ್ಕರು. ಜಯಮ್ಮ ನಗಲಿಲ್ಲ. "ಮಾತು ಬಂತು, ಸದ್ಯ" ಎಂದು ಗೋಡೆಗೊರಗಿ ನೆಲದ ಮೇಲೇ ಕೂತುಬಿಟ್ಟಳು.

ಹೋಗಿ ಬಂದು ಮತ್ತೆ ಮಲಗಿದೆ. ಈ ಸಲ ತುಟಿ ಪಿಟಕ್ಕೆನ್ನಲಿಲ್ಲ. ಎಡಗಡೆ ಒಂದು ಜಾಗದಲ್ಲಿ ಸದ್ದು ಬೇರೆಯಾಯಿತು. ನನಗೂ ಗೊತ್ತಾಯಿತು.

"ಇಲ್ಲಿ ರಕ್ತನಾಳ ಕಿರಿದಾಗಿದೆ. ಮಾತ್ರೆ ಒಂದು ದಿನಾನೂ ತಪ್ಪಿಸ್ಬೇಡಿ" ಎಂದರು ಡಾಕ್ಟರಮ್ಮ.

"ಮತ್ತೆ ಹಾಗಾಗಲ್ಲ ಅಲ್ವಾ ಮೇಡಂ?" ಎಂದಳು ಜಯಮ್ಮ.

"ನೋಡೋಣಮ್ಮ."

ಮರುದಿನ ಬೆಳಿಗ್ಗೆ ಜಯಮ್ಮ ಮಾತ್ರೆ ತಂದು "ತಗೊಳ್ಳಿ" ಎಂದಾಗ ಅಭ್ಯಾಸಬಲದಿಂದ "ಆಯ್ತು" ಎಂದುಬಿಟ್ಟೆ. ಅವಳ ಕೈಯಿಂದ ನೀರಿನ ಲೋಟ ಬಿದ್ದುಹೋಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಆ ಮಾತು ನಿಷಿದ್ಧ. "ಜಯಮ್ಮನವರೇ, ತಾವು ಕೊಟ್ಟ ಮಾತ್ರೆಯನ್ನು ನಾನು ಈಗಲೇ ನುಂಗುತ್ತೇನೆ" ಎಂದು ಮೂರನೇ ಕ್ಲಾಸಿನ ಹುಡುಗನಂತೆ ದಿನವೂ ಪೂರ್ತಿ ವಾಕ್ಯ ಒಪ್ಪಿಸುತ್ತೇನೆ. ಅವಳು ನನ್ನ ತುಟಿಯನ್ನೇ ನೋಡುತ್ತಾ ನಿಂತಿರುತ್ತಾಳೆ. ತೊದಲದೆ ಹೇಳಿ ಮುಗಿಸಿದರೆ ಮಾತ್ರ ಕಾಫಿ.