ಹುಚ್ಚು ಚಿತ್ರಕಾರನೂ ತಂಗಿಯ ನಿಶ್ಚಯವೂ

ನನಗೆ ಹುಚ್ಚು ಹಿಡಿದಿದೆ ಎಂದು ಇಡೀ ಕಮಲಾಪುರ ನಂಬಿತ್ತು. ಸಿನಿಮಾ ತೆಗೆಯುವ ಗೆಳೆಯನಿದ್ದರೆ ಇಂಥವು ಆಗುತ್ತಲೇ ಇರುತ್ತವೆ. ತಾನು ಬರೆದ ಚಿತ್ರಗಳೇ ತನ್ನನ್ನು ತಿನ್ನುತ್ತಿವೆ ಎಂದು ನರಳುವ ಕಲಾವಿದನ ಮೇಲೆ ಅವನೊಂದು ಭಯಾನಕ ಸಿನಿಮಾ ತೆಗೆದ. ನಾಯಕ ನಾನು. ಕಲಬುರಗಿಯ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವವನಿಗೆ ಈ ಪಾತ್ರ ಸುಲಭ ಎಂದ. ನಾನೂ ಹಾಗೇ ತಿಳಿದಿದ್ದೆ.

ಮಾಳಿಗೆ

ಶೂಟಿಂಗಿಗೆ ಕಮಲಾಪುರದಲ್ಲಿ ಹಳೆಯ ಮನೆಯೊಂದು ಸಿಕ್ಕಿತು. ಮೈಗೆಲ್ಲ ಕೆಂಪು ಬಣ್ಣ ಬಳಿದುಕೊಂಡು ಮಾಳಿಗೆಯ ಗೋಡೆ ತಬ್ಬಿ ಅಳುತ್ತಿದ್ದೆ. ಗೆಳೆಯ ಕ್ಯಾಮೆರಾದೊಂದಿಗೆ ನೀರಿನ ಟಾಕಿಯ ಹಿಂದೆ ಅಡಗಿದ್ದ. ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಒಣಹಾಕುತ್ತಿದ್ದವರು, ನನ್ನ ತಂಗಿಗೆ ಗೊತ್ತುಮಾಡಿದ್ದ ಹುಡುಗನ ತಾಯಿ.

"ಏನಾಗ್ಯಾದ್ರೀ ಸರ?"

ನಿಲ್ಲಿಸಬೇಡ ಎಂದು ಗೆಳೆಯ ಸನ್ನೆ ಮಾಡಿದ.

"ಗೋಡಿ ನನ್ನ ನೋಡಾಕತ್ತದರೀ" ಎಂದೆ. ಸ್ಕ್ರಿಪ್ಟಿನಲ್ಲಿ ಹಾಗೇ ಇತ್ತು.

ಅವರು ಹಸಿ ಸಂಡಿಗೆಯನ್ನೇ ಎತ್ತಿಕೊಂಡು ಇಳಿದುಹೋದರು.

ಉಪ್ಪು, ಮೆಣಸಿನಕಾಯಿ

ಮರುದಿನ ಆಕೆ ಶೂಟಿಂಗ್ ಮನೆಗೇ ದೃಷ್ಟಿ ತೆಗೆಯಲು ಬಂದರು. ನಿವಾಳಿಸಿ ಉಪ್ಪು, ಮೆಣಸಿನಕಾಯಿ ಕೆಂಡಕ್ಕೆ ಹಾಕಿದರು. ಅಂಗಳದಲ್ಲಿ ಗಾಳಿ ಜೋರಿತ್ತು.

"ಘಾಟೇ ಬರವಲ್ದು! ಭಾಳ ಆಗ್ಯಾದ ದೃಷ್ಟಿ."

"ಇದು ಸಿನಿಮಾರೀ ಅಮ್ಮಾ."

"ಹೌದ್ರೀ, ಹೌದು" ಎಂದರು, ಜ್ವರ ಬಂದ ಕೂಸಿಗೆ ಹೇಳುವಂತೆ.

ನಾನು ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದವನೆಂದೆ.

"ಅದಕ್ಕ ನೋಡ್ರಿ. ಭಾಳ ಓದಬಾರ್ದು."

ಚಹಾ

ವಾರದೊಳಗೆ ಆಕೆ ಗಂಡನನ್ನು ಕರೆದುಕೊಂಡು ಕಲಬುರಗಿಯ ಶಹಾಬಜಾರದ ನಮ್ಮ ಮನೆಗೇ ಬಂದರು. ನಿಶ್ಚಯ ಮುಂದೆ ಹಾಕೋಣ ಎಂದರು. ತಂಗಿಯ ಮುಖ ಇಳಿಯಿತು. ನಾನು ಸಮಾಧಾನವಾಗಿ ಕಥೆ ವಿವರಿಸಿದೆ: "ಮೊದಲಿಗೆ ಚಿತ್ರಗಳು ನನ್ನ ತಿಂತಾವ. ಆಮ್ಯಾಲ ನಾನೇ ಚಿತ್ರ ಆಗ್ತೀನಿ."

ಗಂಡ ಚಹಾದ ಕಪ್ಪು ಕೆಳಗಿಟ್ಟರು. ಆಕೆ ಅವ್ವನ ಕಡೆ ಬಾಗಿ ಕೇಳಿದರು: "ನಿಮ್ಮ ಮನೆತನದಾಗ ಮೊದಲೂ ಯಾರಿಗರ ಹಿಂಗ ಇತ್ತೇನ್ರೀ?"

ತಂಗಿ ಅಂದಿನಿಂದ ನನ್ನೊಡನೆ ಮಾತು ಬಿಟ್ಟಳು.

ಪರದೆ

ಉಳಿದದ್ದು ಒಂದೇ ದಾರಿ. ಸ್ಟೇಶನ್ ಬಜಾರದ ಸಣ್ಣ ಹಾಲಿನಲ್ಲಿ ಸಿನಿಮಾ ತೋರಿಸಿದಾಗ ಬೀಗರನ್ನು ಮುಂದಿನ ಸಾಲಿನಲ್ಲಿ ಕೂಡಿಸಿದೆವು. ನನ್ನ ನರಳಾಟ ನೋಡಿ ನನಗೇ ಮೈ ಜುಮ್ಮೆಂದಿತು. ಸಂಬಂಧ ಮುರಿಯಿತು ಎಂದುಕೊಂಡೆ. ಇಂಥ ಅಭಿನಯಕ್ಕೆ ಇಷ್ಟು ಬೆಲೆ ತೆರಲೇಬೇಕು ಎಂದೂ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಹುಡುಗನ ತಾಯಿಯ ಫೋನು. ತಂಗಿ ಸ್ಪೀಕರ್ ಹಾಕಿದಳು.

"ನಿಶ್ಚಯ ಮಾಡಿಬಿಡೋಣ್ರಿ. ನಿಮ್ಮಣ್ಣಗ ಹುಚ್ಚಿಲ್ಲ."

"ಸಿನಿಮಾ ತಿಳೀತೇನ್ರೀ?" ಎಂದೆ ನಾನು.

"ಸಿನಿಮಾ ಏನೂ ತಿಳೀಲಿಲ್ರಿ. ಆದ್ರ ನೀವು ಪ್ರತಿ ಸಲ ಅಳೂಕಿಂತ ಮೊದಲ ಕೂದಲ ಸರಿ ಮಾಡ್ಕೋತೀರಿ."