ಚಳಿಗೆ ಪೆಟ್ರೋಲ್ ಕುಡಿದವರು

ನಾಪೋಕ್ಲಿನಲ್ಲಿ ಗ್ಯಾರೇಜ್ ಹಾಕಿದ ಮೇಲೆ ಡಿಸೆಂಬರ್ ಬಂತೋ ಇಲ್ಲವೋ ಅಂತ ನಾನು ಕ್ಯಾಲೆಂಡರ್ ನೋಡುವುದೇ ಬಿಟ್ಟಿದ್ದೇನೆ. ಬೆಳಿಗ್ಗೆ ಶಟರ್ ಎತ್ತುವಾಗ ಕಿವಿಗೆ ಮಫ್ಲರ್ ಸುತ್ತಿಕೊಂಡ ನಾಲ್ಕು ಜನ ನಿಂತು "ಗಾಡಿ ಮೈಲೇಜ್ ಕೊಡ್ತಿಲ್ಲ" ಅಂದರೆ ಚಳಿಗಾಲ ಶುರು ಅಂತ ಲೆಕ್ಕ. ಒಬ್ಬರಿಗೆ ಬಂಕಿನವನ ಮೇಲೆ ಅನುಮಾನ, ಇನ್ನೊಬ್ಬರಿಗೆ ನನ್ನ ಮೇಲೆ, ಮತ್ತೊಬ್ಬರಿಗೆ ಗಾಡಿ ಎರವಲು ಒಯ್ದ ಭಾವನ ಮೇಲೆ. ಚಳಿಯ ಮೇಲೆ ಮಾತ್ರ ಒಬ್ಬರಿಗೂ ಅನುಮಾನ ಬರುವುದಿಲ್ಲ. ಪ್ರತಿ ವರ್ಷ ನಕ್ಕು ಕಳಿಸುತ್ತಿದ್ದೆ. ಹೋದ ಕಾಫಿ ಕುಯ್ಲಿನಲ್ಲಿ ಮಾತ್ರ ನಗುವ ಹಾಗಿರಲಿಲ್ಲ. ಒಬ್ಬ ಬಡಪಾಯಿಯ ಕೆಲಸವೇ ಹೋಗುವುದರಲ್ಲಿತ್ತು.

ಒಂದು: ಜಾಸ್ತಿ ಕುಡಿಯೋದು ಯಾಕೆ?

ಕಕ್ಕಬೆ ಕಡೆಯ ಎಸ್ಟೇಟ್ ಸಾವ್ಕಾರ್ರು ಒಂದು ಸೋಮವಾರ ಕಾರು ತಂದು ನಿಲ್ಲಿಸಿದರು. ಹಿಂದೆಯೇ ಅವರ ಡ್ರೈವರ್ ಇಳಿದ. ಹದಿನಾಲ್ಕು ವರ್ಷದಿಂದ ಅವರಲ್ಲೇ ಇರುವವನು, ನಾವೆಲ್ಲ ಡ್ರೈವರಣ್ಣ ಅಂತಲೇ ಕರೆಯುವುದು. ಅವತ್ತು ಅವನ ಮುಖ ನೋಡುವ ಹಾಗಿರಲಿಲ್ಲ.

"ಹದಿನಾರು ಕೊಡ್ತಿದ್ದ ಗಾಡಿ ಹನ್ನೊಂದಕ್ಕೆ ಬಂದಿದೆ. ಇವನು ಪೆಟ್ರೋಲ್ ಕದೀತಿದ್ದಾನೆ," ಅಂದರು ಸಾವ್ಕಾರ್ರು. "ಭಾನುವಾರದವರೆಗೆ ಟೈಮ್ ಕೊಟ್ಟಿದ್ದೀನಿ. ಬೇರೆ ಕಾರಣ ಇದ್ರೆ ತೋರಿಸ್ಲಿ. ಇಲ್ಲಾಂದ್ರೆ ಕೀ ಕೊಟ್ಟು, ಎಸ್ಟೇಟಿನ ಲೈನ್ ಮನೆ ಖಾಲಿ ಮಾಡಿ ಹೊರಡ್ಲಿ."

ಡ್ರೈವರಣ್ಣ ಬೀಡಿ ಬೇಕಾದರೂ ಕೇಳಿ ಇಸ್ಕೊಳ್ಳುವ ಮನುಷ್ಯನೇ ಹೊರತು ಕದಿಯುವವನಲ್ಲ. "ಸಾವ್ಕಾರ್ರೇ, ಇದು ಚಳಿ. ಚಳಿಗೆ ಗಾಡಿ ಜಾಸ್ತಿ ಕುಡಿಯುತ್ತೆ," ಅಂದೆ.

"ಚಳಿಗೆ ಗಾಡಿ ಯಾಕೆ ಕುಡಿಯುತ್ತೆ?"

"ನೀವು ಯಾಕೆ ಕುಡೀತೀರಿ?"

ಸಾವ್ಕಾರ್ರು ಸ್ವಲ್ಪವೂ ಬೇಸರ ಮಾಡಿಕೊಳ್ಳಲಿಲ್ಲ. "ನಾನು ಎರಡು ಪೆಗ್ ಜಾಸ್ತಿ ಹಾಕ್ತೀನಿ, ಒಪ್ಕೊಳ್ತೀನಿ. ಆದ್ರೆ ನನ್ನ ಮೈಲೇಜ್ ಏನೂ ಕಮ್ಮಿ ಆಗಲ್ಲ," ಅಂದರು. ಅದು ನಿಜ. ಮದುವೆ ಮನೆಯ ಚಪ್ಪರದಿಂದ ಕಾರಿಗೆ ನೂರು ಅಡಿ ಇದ್ದರೆ, ಇವರು ಮುನ್ನೂರು ಅಡಿ ನಡೆದು ತಲುಪುವುದನ್ನು ನಾನೇ ನೋಡಿದ್ದೇನೆ.

ಎರಡು: ತೆಂಗಿನೆಣ್ಣೆ ಪಾಠ

ಮಾರನೇ ದಿನ ಅವರನ್ನು ಕೂರಿಸಿ ಬಿಡಿಸಿ ಹೇಳಿದೆ. ಚಳಿಗೆ ಟೈರಿನ ಗಾಳಿ ಇಳಿಯುತ್ತೆ, ಗಾಡಿ ಎಳೆಯೋದು ಭಾರ ಆಗುತ್ತೆ. ಇಂಜಿನ್ ಬಿಸಿ ಆಗೋವರೆಗೆ ಪೆಟ್ರೋಲ್ ಜಾಸ್ತಿ ಬೇಕು. ನೀವೋ ಮನೆಯಿಂದ ಕಾಫಿ ಕಣಕ್ಕೆ, ಕಣದಿಂದ ಆಳುಗಳ ಲೈನಿಗೆ, ಅರ್ಧರ್ಧ ಕಿಲೋಮೀಟರ್ ಹೋಗಿ ಆಫ್ ಮಾಡ್ತೀರಿ. ಪಾಪ, ಇಂಜಿನ್ ಮೈ ಬಿಸಿ ಮಾಡ್ಕೊಳ್ಳೋದು ಯಾವಾಗ?

ಎಲ್ಲದಕ್ಕೂ "ಹೂಂ, ಹೂಂ" ಅಂದರು. ಕೊನೆಗೆ ಇಂಜಿನ್ ಆಯಿಲ್ ವಿಷಯಕ್ಕೆ ಬಂದೆ. "ಚಳಿಗೆ ಆಯಿಲ್ ಮಂದ ಆಗುತ್ತೆ, ಇಂಜಿನ್ ತಿರುಗೋಕೆ ಕಷ್ಟಪಡುತ್ತೆ. ನಿಮ್ಮ ಬಚ್ಚಲಲ್ಲಿರೋ ತೆಂಗಿನೆಣ್ಣೆ ಬಾಟಲಿ ನೋಡಿಲ್ವಾ? ಈಗ ತಲೆ ಕೆಳಗೆ ಮಾಡಿದ್ರೂ ಒಂದು ತೊಟ್ಟು ಬೀಳುತ್ತಾ?"

ಸಾವ್ಕಾರ್ರು ಮೆಲ್ಲಗೆ ಉಲನ್ ಟೋಪಿ ತೆಗೆದರು. ಒಳಗೆ ಒಂದು ಕೂದಲೂ ಇರಲಿಲ್ಲ.

"ನಾನು ತೆಂಗಿನೆಣ್ಣೆ ಬಾಟಲಿ ಮುಟ್ಟಿ ಇಪ್ಪತ್ತು ವರ್ಷ ಆಯ್ತು," ಅಂದರು.

ಮೂರು: ರೈಟರ್ ಹಾಕಿದ ಸೀಲು

ನನ್ನ ಪಾಠ ತಲೆಗೆ ಹತ್ತಲಿಲ್ಲ. ಅದೇ ಸಂಜೆ ಸಾವ್ಕಾರ್ರು ಎಸ್ಟೇಟ್ ರೈಟರನ್ನು ಕರೆಸಿದರು. ಆಳುಗಳ ಹಾಜರಿ ಬರೆಯುವ ಈ ರೈಟರ್ ಭಾರೀ ಶಿಸ್ತಿನ ಮನುಷ್ಯ. ಕಾಫಿ ಮೂಟೆಗೆ ಸೀಲ್ ಮಾಡುವ ಹಾಗೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಗೋಣಿದಾರ ಸುತ್ತಿ, ಮೇಲೆ ಟೇಪ್ ಹಚ್ಚಿ, ಟೇಪಿನ ಮೇಲೆ ಸಹಿ ಹಾಕಿದ. ಅವನ ಎದುರಿಗೇ ಬಿಚ್ಚಬೇಕು ಅಂತ ಆರ್ಡರ್ ಆಯಿತು.

ಗುರುವಾರ ಡ್ರೈವರಣ್ಣ ಬಂಕಿಗೆ ಬಂದು ನಿಂತ. ಟ್ಯಾಂಕು ಒಣಗಿತ್ತು, ಸೀಲು ಹಾಗೇ ಇತ್ತು. ಬಂಕಿನ ಹುಡುಗಿ ಪೈಪು ಹಿಡಿದು "ಮುಚ್ಚಳ ತೆಗೀರಿ ಅಣ್ಣಾ" ಅಂದರೆ, ಇವನು "ಮುಟ್ಬೇಡಮ್ಮಾ, ನನ್ನ ಅನ್ನ ಹೋಗುತ್ತೆ" ಅಂತ ಟ್ಯಾಂಕಿಗೆ ಅಡ್ಡ ನಿಂತನಂತೆ. ಹಿಂದೆ ಆರು ಜೀಪು, ಒಂದೇ ಸಮನೆ ಹಾರ್ನ್.

ಡ್ರೈವರಣ್ಣ ಸಾವ್ಕಾರ್ರಿಗೆ ಫೋನ್ ಮಾಡಿದ. "ರೈಟರ್ ನೆಲ್ಯಹುದಿಕೇರಿಗೆ ಮದುವೆಗೆ ಹೋಗಿದ್ದಾನೆ. ಕರ್ಕೊಂಡು ಬಂದು ಬಿಚ್ಚಿಸು," ಅಂದರು.

"ಹೆಂಗೆ ಹೋಗ್ಲಿ ಸಾವ್ಕಾರ್ರೇ?"

"ಕಾರಿದೆಯಲ್ಲೋ!"

ಸೀಲು ಬಿಚ್ಚಲು ರೈಟರ್ ಬೇಕು, ರೈಟರನ್ನು ತರಲು ಕಾರು ಬೇಕು, ಕಾರಿಗೆ ಪೆಟ್ರೋಲ್ ಬೇಕು, ಪೆಟ್ರೋಲಿಗೆ ಸೀಲು ಬಿಚ್ಚಬೇಕು. ಕೊನೆಗೆ ಆರು ಜೀಪಿನವರೂ ಸೇರಿ ಕಾರನ್ನು ತಳ್ಳಿ ನನ್ನ ಗ್ಯಾರೇಜಿಗೆ ತಂದು ಬಿಟ್ಟರು. ಅವತ್ತು ಒಂದು ದಿನ ಮಾತ್ರ ಆ ಕಾರು ಒಳ್ಳೆ ಮೈಲೇಜ್ ಕೊಟ್ಟಿತು.

ನಾಲ್ಕು: ಮೂರು ಜನ ಕಳ್ಳರು

ಮಾರನೇ ದಿನ ಸಾವ್ಕಾರ್ರ ಎದುರಿಗೇ ರೈಟರ್ ಬಂದು ಸೀಲು ಬಿಚ್ಚಿ, ಪೆಟ್ರೋಲ್ ಹಾಕಿಸಿದ. ಸೀಲು ಒಡೆಯದೆ ಪೆಟ್ರೋಲ್ ಖಾಲಿಯಾಗಿದೆ ಅಂದರೆ ಡ್ರೈವರಣ್ಣ ಗೆದ್ದ ಹಾಗೆ ತಾನೇ? ಸಾವ್ಕಾರ್ರು ಒಪ್ಪಬೇಕಲ್ಲ! "ಕೆಳಗಿಂದ ಪೈಪ್ ಬಿಚ್ಚಿದ್ದಾನೆ," ಅಂದರು. ನಾನು ಗಾಡಿ ಅಡಿ ಮಲಗಿ ನೋಡಿದೆ. ನಟ್ಟಿನ ಮೇಲೆ ಹೋದ ಮಳೆಗಾಲದ ಕೆಸರು ಹಾಗೇ ಒಣಗಿತ್ತು. ಹಾಗಂತ ಹೇಳಿದ್ದಕ್ಕೆ, "ಓಹೋ, ನೀವಿಬ್ಬರೂ ಪಾಲುದಾರರು," ಅಂದುಬಿಟ್ಟರು! ಎಲಾ ಇವರ! ನನಗೂ ಪಿತ್ತ ನೆತ್ತಿಗೇರಿತು.

ಡ್ರೈವರಣ್ಣನನ್ನು ಪಕ್ಕಕ್ಕೆ ಎಳೆದು, "ಚಳಿ ಅಂದ್ರೂ ಇಷ್ಟು ಇಳಿಯಲ್ಲ ಮಾರಾಯ. ಏನೋ ಇದೆ, ನಿಜ ಹೇಳು," ಅಂದೆ.

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಮೂರು ಜನ. ಹೆಸರು ಮಾತ್ರ ಕೇಳ್ಬೇಡಿ. ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ. ಬೆಳಿಗ್ಗೆ ಆರಕ್ಕೆ ಬಂದ್ರೆ ನಿಮಗೇ ಗೊತ್ತಾಗುತ್ತೆ," ಅಂದ. ಕಣ್ಣಲ್ಲಿ ನೀರಿತ್ತು. ಮನೆ ಹೋದರೂ ಸರಿ, ಮಾತು ತಪ್ಪಲ್ಲ ಅನ್ನುವ ಈ ಮನುಷ್ಯ ಕಳ್ಳನಂತೆ!

ಸಾವ್ಕಾರ್ರಿಗೆ ಸುದ್ದಿ ಮುಟ್ಟಿಸಿದೆ. "ಮೂರು ಜನಾನಾ? ಒಬ್ಬೊಬ್ಬರನ್ನೂ ಎಸ್ಟೇಟಿನಿಂದ ಓಡಿಸ್ತೀನಿ!" ಅಂದರು. ಭಾನುವಾರ ಬೆಳಿಗ್ಗೆ ಆರಕ್ಕೆ ನಾವಿಬ್ಬರೂ ಕಣದ ಗೋಣಿ ಮೂಟೆಗಳ ಹಿಂದೆ ಅಡಗಿ ಕೂತೆವು. ಅವರ ತೊಡೆಯ ಮೇಲೆ ಕೋವಿ ಬೇರೆ. ಮಂಜಿನಲ್ಲಿ ಅಂಗಳದ ಕಾರು ಅರೆಬರೆ ಕಾಣುತ್ತಿತ್ತು.

ಡ್ರೈವರಣ್ಣ ಬಂದು ಇಂಜಿನ್ ಸ್ಟಾರ್ಟ್ ಮಾಡಿದ. ತಾವು ಕೂರುವ ಹೊತ್ತಿಗೆ ಸೀಟು ಬೆಚ್ಚಗಿರಬೇಕು ಅಂತ ಸಾವ್ಕಾರ್ರದೇ ಅಪ್ಪಣೆ. ಹೀಟರ್ ಹಾಕಿ, ಆಳುಗಳನ್ನು ಕರೆಯಲು ಅವನು ಲೈನಿನ ಕಡೆ ನಡೆದ.

ಐದು ನಿಮಿಷಕ್ಕೆ ಮನೆ ಬಾಗಿಲು ತೆರೆಯಿತು. ಸಾವ್ಕಾರ್ರ ತಾಯಿ, ದೊಡ್ಡಮ್ಮ, ಶಾಲು ಹೊದ್ದು ನಾಯಿಯನ್ನು ಎತ್ತಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತರು. ಕಾಲು ನೀಡಿ, ಎಲೆಯಡಿಕೆ ಬಾಯಿಗಿಟ್ಟುಕೊಂಡು, ಮುಕ್ಕಾಲು ಗಂಟೆ ನಿದ್ದೆ ಹೊಡೆದರು. ಇಂಜಿನ್ ಗುರ್ರ್ ಅನ್ನುತ್ತಲೇ ಇತ್ತು. "ನಿಂತ ಗಾಡಿ ಎಷ್ಟು ಮೈಲೇಜ್ ಕೊಡುತ್ತೆ ಸಾವ್ಕಾರ್ರೇ?" ಅಂತ ಪಿಸುಗುಟ್ಟಿದೆ. ಅವರು ಕೋವಿಯನ್ನು ಮೂಟೆಗೆ ಒರಗಿಸಿಟ್ಟರು.

ದೊಡ್ಡಮ್ಮ ಇಳಿದು ಹೋದ ಮೇಲೆ ಸಾವ್ಕಾರ್ರ ಹೆಂಡತಿ ಬಂದರು, ಕೈಯಲ್ಲಿ ದೊಡ್ಡ ಸ್ಟೀಲ್ ಪಾತ್ರೆ. ಚಳಿಗೆ ಇಡ್ಲಿ ಹಿಟ್ಟು ಉಬ್ಬುವುದಿಲ್ಲವಲ್ಲ! ಪಾತ್ರೆಯನ್ನು ಮುಂದಿನ ಸೀಟಿನಲ್ಲಿಟ್ಟು, ಚೆಲ್ಲಬಾರದು ಅಂತ ಸೀಟ್ ಬೆಲ್ಟ್ ಕಟ್ಟಿ, ಮುಚ್ಚಳ ತಟ್ಟಿ ಒಳಗೆ ಹೋದರು. ಸಾವ್ಕಾರ್ರು ಒಮ್ಮೆಯೂ ಹಾಕದ ಬೆಲ್ಟನ್ನು ಹಿಟ್ಟು ಅರ್ಧ ಗಂಟೆ ಹಾಕಿಕೊಂಡು ಕೂತಿತ್ತು.

"ಸಾಕು ಮಾರಾಯ," ಅಂದರು ಸಾವ್ಕಾರ್ರು. ದನಿ ಇಳಿದಿತ್ತು. "ಕೀ ಡ್ರೈವರ್ ಹತ್ರಾನೇ ಇರ್ಲಿ. ತಪ್ಪಾಯ್ತು ಅಂತ ನಾನೇ ಹೋಗಿ ಹೇಳ್ತೀನಿ."

ಅಷ್ಟಕ್ಕೇ ನನ್ನ ಬಾಯಿ ಸುಮ್ಮನಿರಬೇಕಲ್ಲ! "ಸ್ವಲ್ಪ ತಡೀರಿ. ಡ್ರೈವರಣ್ಣ ಮೂರು ಜನ ಅಂದಿದ್ದ. ಇನ್ನೊಬ್ಬ ಕಳ್ಳ ಬರ್ಬೇಕು, ಅವನನ್ನೂ ಹಿಡಿಯೋಣ," ಅಂದೆ.

ಸಾವ್ಕಾರ್ರು ಜಾಕೆಟ್ ಜೇಬಿಗೆ ಕೈ ಹಾಕಿ ಒಂದು ಪೊಟ್ಟಣ ತೆಗೆದರು. ಒಳಗೆ ಕಾಫಿ ಸ್ಯಾಂಪಲ್, ಇನ್ನೂ ಹಸಿ ಹಸಿ. ವ್ಯಾಪಾರಿಯ ಮೆಷಿನ್‌ನಲ್ಲಿ ತೇವ ಜಾಸ್ತಿ ತೋರಿಸಬಾರದಲ್ಲ, ಕಾರಿನ ಹೀಟರ್ ಎದುರು ಹರಡಿ ಒಣಗಿಸಿಕೊಳ್ಳಲು ಇಟ್ಟುಕೊಂಡದ್ದು.

"ಅವನು ಇವತ್ತು ಬರಲ್ಲ," ಅಂದರು. "ನಿನ್ನ ಜೊತೆ ಕಾವಲು ಕೂತಿದ್ದಾನೆ."