ಪ್ರೂಫ್ ರೀಡರ್ ನೋಡಿದ ಚಿಪ್‌ಗಳು

ಜಗಳ ಬೇಡವೆಂದು ಅಪ್ಪ ಮಕ್ಕಳಿಬ್ಬರಿಗೂ ಒಂದೇ ಥರದ ಕಂಪ್ಯೂಟರ್ ತಂದುಕೊಟ್ಟಿದ್ದರು. ಅವರು ತೀರಿಕೊಂಡು ವರ್ಷಗಳಾದ ಮೇಲೆ ಜಗಳ ಬಂದದ್ದು ಕ್ಯಾಸೆಟ್ಟಿಗೆ. ಅದು ಒಂದೇ ಇತ್ತು. ಅದರಲ್ಲಿ ಅಪ್ಪ ಆಫೀಸಿನ ಯಂತ್ರದ ಮುಂದೆ ಕೂತು ಮಕ್ಕಳಿಗೆಂದೇ ಬರೆದ ಆಟವಿತ್ತು. ಆಟ ಓಡಲು ಮನೆಯ ಕಂಪ್ಯೂಟರಿನ ಮೆಮೊರಿ ಸಾಲದು, ಇನ್ನೂ ಎಂಟು ಚಿಪ್ ಕೂರಿಸಬೇಕು. ಯಾರು ಮೊದಲು ಕೂರಿಸುತ್ತಾರೋ ಕ್ಯಾಸೆಟ್ ಅವರದು ಎಂದು ಅಕ್ಕ, ತಮ್ಮ ಮಾತಾಡಿಕೊಂಡರು.

ತಮ್ಮನೋ, ಪ್ರೆಸ್ಸಿನಲ್ಲಿ ಪ್ರೂಫ್ ರೀಡರ್. ಬಸ್ ಟಿಕೆಟ್ಟಿನಲ್ಲೂ ತಪ್ಪು ಹುಡುಕುವ ಆಸಾಮಿ. ರಜೆಯ ದಿನ ಬೆಳಗ್ಗೆಯೇ ಕಂಪ್ಯೂಟರಿನ ಹೊಟ್ಟೆ ಬಿಚ್ಚಿದ. ಮೊದಲನೇ ಚಿಪ್ಪಿನ ಬೆನ್ನ ಮೇಲೆ ಇರುವೆ ಹರಿದಂತೆ ಎರಡು ಸಾಲು ಅಂಕಿಗಳು. ಇವಕ್ಕೆಲ್ಲ ಏನರ್ಥವಿರಬಹುದು? ಅರ್ಥ ಕಟ್ಟಿಕೊಂಡು ಏನಾಗಬೇಕು, ಇದ್ದದ್ದು ಇದ್ದ ಹಾಗೆ ಸಿಕ್ಕರೆ ಸಾಕೆಂದು ಎರಡೂ ಸಾಲನ್ನು ಬಾಯಿಪಾಠ ಮಾಡಿಕೊಂಡು ಗುಜರಿ ಅಂಗಡಿಗೆ ನಡೆದ.

ಗುಜರಿಯವನು ಡಬ್ಬಿಯೊಂದನ್ನು ಸುರಿದ. "ಇವೇ ಸಾರ್. ಮೇಲೆ 4164 ಅಂತಿದೆ, ನೋಡಿ."

"ಮೇಲಿಂದು ಸರಿ. ಕೆಳಗೆ 8523 ಇರಬೇಕು. ಇಲ್ಲಿ 8431 ಇದೆಯಲ್ಲ?"

"ಅಷ್ಟಕ್ಕೇನಾಗತ್ತೆ ಸಾರ್?"

"ಏನಾಗತ್ತಾ? ಒಂದಂಕಿ ತಪ್ಪಿದ್ರೂ ತಪ್ಪೇ ಕಣಯ್ಯ! ಇದರಲ್ಲಿ ಒಂದೂ ಕೆಲಸಕ್ಕೆ ಬರಲ್ಲ. ದುಡ್ಡು ತಗೊಂಡು ಯಾರಿಗೂ ಮಾರಬೇಡ, ಪಾಪ ಬರುತ್ತೆ."

ರೇಡಿಯೊ ರಿಪೇರಿ ಅಂಗಡಿಗಳನ್ನೆಲ್ಲ ಜಾಲಾಡಿದ್ದಾಯಿತು. 8523 ಎಲ್ಲೂ ಸಿಗಲಿಲ್ಲ. ಬೆವರು ಒರೆಸಿಕೊಳ್ಳುತ್ತ ಮನೆಗೆ ಬಂದರೆ, ಮೇಲಿನ ಮನೆಯ ಔಷಧಿ ಅಂಗಡಿಯವರು ಅವನ ಬೆನ್ನಿಗೇ ಒಳಗೆ ಬಂದರು. ಕರೆಯದೆ ಬರುವುದು, ಕೇಳದೆ ಹೇಳುವುದು ಅವರ ಹುಟ್ಟುಗುಣ. ಸಂಗತಿ ತಿಳಿದು ಕನ್ನಡಕ ಏರಿಸಿ ಕಂಪ್ಯೂಟರಿನ ಮೇಲೆ ಬಗ್ಗಿದರು.

"ಕೆಳಗಿನ ನಂಬರ್ರಾ? ನಮ್ಮ ಮಾತ್ರೆ ಪಟ್ಟಿ ಮೇಲೆ ಇರತ್ತಲ್ಲ, ಹಾಗೆ ತಯಾರಾದ ಕಾಲ ಕಣ್ರೀ! ಎಂಬತ್ತೈದನೇ ಇಸವಿ, ಇಪ್ಪತ್ಮೂರನೇ ವಾರ. ನೋಡಿ, ನಿಮ್ಮ ಪೆಟ್ಟಿಗೇಲೇ ಪಕ್ಕದ್ದು 8519. ಅದರ ಪಕ್ಕದ್ದು ಇನ್ನೇನೋ. ಇಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿಲ್ವಾ?"

ಅವನು ಪಕ್ಕದ್ದನ್ನು ನೋಡಿಯೇ ಇರಲಿಲ್ಲ! ಬಿದ್ದೆನೋ ಎದ್ದೆನೋ ಎಂದು ಗುಜರಿ ಅಂಗಡಿಗೆ ಓಡಿದ.

"ಹೋಯ್ತಲ್ಲ ಸಾರ್. ಯಾರೋ ಬಂದು ಕೇಳಿದ್ರು. ನೀವು ಪಾಪ ಅಂದಿದ್ರಲ್ಲ, ಪುಕ್ಕಟೆ ಕೊಟ್ಬಿಟ್ಟೆ."

ಕಾಲೆಳೆದುಕೊಂಡು ಮನೆಗೆ ಬಂದರೆ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಮುಖ ಊರಗಲ ಅರಳಿತ್ತು.

"ಲೋ, ತೆಗಿಯೋ ಕ್ಯಾಸೆಟ್ಟು! ಎಂಟೂ ಕೂರಿಸಿಯಾಯ್ತು, ನನ್ನ ಕಂಪ್ಯೂಟರ್ ಜಮ್ ಅಂತ ಓಡ್ತಿದೆ. ಗುಜರಿ ಅಂಗಡೀಲಿ ಪುಕ್ಕಟೆ ಸಿಕ್ತು ಕಣೋ! ಯಾರೋ ಮಹಾಪಂಡಿತ ಬಂದು, ಇವು ಕೆಲಸಕ್ಕೆ ಬರಲ್ಲ ಅಂತ ಬೈದು ಹೋದನಂತೆ. ಅವನ ಹೊಟ್ಟೆ ತಣ್ಣಗಿರಲಿ! ಯಾರು ಅಂತ ಗೊತ್ತಾದ್ರೆ ಮನೆಗೇ ಹೋಗಿ ಕೈ ಮುಗಿದು ಬರ್ತೀನಿ."

"ಅದೆಲ್ಲ ಯಾಕಕ್ಕ, ಬಿಡು," ಎಂದು ಕ್ಯಾಸೆಟ್ ತರಲು ತಮ್ಮ ಒಳಗೆ ಹೋದ.